ಒಂಟಿ ಮತದ ಬೆಲೆ: ಥಾಮಸ್ ಮ್ಯಾಸಿ ಮತ್ತು ಕೆಂಟಕಿಯ ಪ್ರಾಥಮಿಕ ಚುನಾವಣೆ

ಅಮೆರಿಕದ ಫೆಡರಲ್ ಸರ್ಕಾರದ ಖರ್ಚಿಗೆ ಸೆಪ್ಟೆಂಬರ್ ಕೊನೆಯವರೆಗೆ ಹಣ ಒದಗಿಸುವ ಮಸೂದೆ 2025ರ ಮಾರ್ಚ್‌ನಲ್ಲಿ ಕೆಳಮನೆಯಲ್ಲಿ 217–213 ಮತಗಳಿಂದ ಅಂಗೀಕಾರವಾಯಿತು. ವಿರುದ್ಧ ಬಿದ್ದ ಮತಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲವೂ ಡೆಮಾಕ್ರಟಿಕ್ ಪಕ್ಷದವು. ಆ ಒಂದು ಮತ ಹಾಕಿದವರು ಆಡಳಿತಾರೂಢ ರಿಪಬ್ಲಿಕನ್ ಪಕ್ಷದವರೇ ಆದ, ಕೆಂಟಕಿಯ ನಾಲ್ಕನೆಯ ಕ್ಷೇತ್ರದ ಥಾಮಸ್ ಮ್ಯಾಸಿ. ಮ್ಯಾಸಿ ವಿರುದ್ಧ ಪಕ್ಷದೊಳಗಿನಿಂದಲೇ ಯಾರಾದರೂ ಸ್ಪರ್ಧಿಸಬೇಕು, ಅದರ ಮುಂದಾಳತ್ವ ತನ್ನದೇ ಎಂದು ಅಧ್ಯಕ್ಷ ಟ್ರಂಪ್ ಮತದಾನಕ್ಕೆ ಮೊದಲೇ ಘೋಷಿಸಿದ್ದರು. ಅದು ಬರಿಯ ಬೆದರಿಕೆಯಾಗಿ ಉಳಿಯಲಿಲ್ಲ. 2026ರ ಮೇ 19ಕ್ಕೆ ನಿಗದಿಯಾದ ರಿಪಬ್ಲಿಕನ್ ಪ್ರಾಥಮಿಕ ಚುನಾವಣೆಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಚುನಾವಣೆಯಲ್ಲಿ, ಮ್ಯಾಸಿ ಎದುರಿಗೆ ಅಧ್ಯಕ್ಷರೇ ಬೆನ್ನು ತಟ್ಟಿ ಕಳುಹಿಸಿದ ಅಭ್ಯರ್ಥಿಯಿದ್ದಾರೆ, ಅವರ ಹಿಂದೆ ದೊಡ್ಡ ದೊಡ್ಡ ಶ್ರೀಮಂತರ ಹಣವಿದೆ.

435 ಸದಸ್ಯರ ಸದನದಲ್ಲಿ ಒಂದು ಸ್ಥಾನದ ಒಳಜಗಳಕ್ಕೆ ಇಷ್ಟು ಮಹತ್ವ ಏಕೆ ಎಂದು ಯಾರಾದರೂ ಕೇಳಬಹುದು. ಜನರಿಂದ ಆರಿಸಿ ಬಂದವನು ಮತ ಹಾಕುವಾಗ ಯಾರ ಮಾತು ಕೇಳಬೇಕು, ನಾಯಕನದೋ, ಸಂವಿಧಾನದ ಪಠ್ಯದ್ದೋ, ಕ್ಷೇತ್ರದ್ದೋ ಎಂಬ ಪ್ರಶ್ನೆ ಈ ಒಂದು ಕ್ಷೇತ್ರದಲ್ಲಿ ಇಷ್ಟು ಸ್ಪಷ್ಟವಾಗಿ ಎದ್ದು ನಿಂತಿದೆ ಎಂಬುದೇ ಅದಕ್ಕೆ ಕಾರಣ. ಮ್ಯಾಸಿ ಅವರ ಅನೇಕ ನಿಲುವುಗಳನ್ನು ನಾನು ಒಪ್ಪುವುದಿಲ್ಲ. ಆದರೂ ಅವರ ರಾಜಕಾರಣವನ್ನು ಬಿಡಿಸಿ ನೋಡದೆ ಇಂದಿನ ಅಮೆರಿಕದ ಸಂಪ್ರದಾಯವಾದಿ ರಾಜಕಾರಣ ಎಲ್ಲಿ ಸೀಳಿದೆ ಎಂಬುದು ಅರ್ಥವಾಗುವುದಿಲ್ಲ.

ಮ್ಯಾಸಿ ಹುಟ್ಟಿದ್ದು 1971ರಲ್ಲಿ, ವೆಸ್ಟ್ ವರ್ಜೀನಿಯಾದ ಹಂಟಿಂಗ್ಟನ್‌ನಲ್ಲಿ. ಬೆಳೆದದ್ದು ಕೆಂಟಕಿಯ ಲೂಯಿಸ್ ಕೌಂಟಿಯ ವ್ಯಾನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ. ಒಹಾಯೊ ನದಿಯ ದಂಡೆಯ ಈ ಪ್ರದೇಶ ಅಪಲೇಷಿಯನ್ ಬೆಟ್ಟಗಳ ಅಂಚಿನದು, ಹಿಂದೆ ಹೊಗೆಸೊಪ್ಪು ಬೆಳೆಯುತ್ತಿದ್ದ ಸಣ್ಣ ಹಿಡುವಳಿಗಳ ನಾಡು. ಅಲ್ಲಿಂದ ಹೊರಟ ಹುಡುಗ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ, ಅಂದರೆ ಎಂಐಟಿ ಸೇರಿದರು. 1993ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಪದವಿ, 1996ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದರು.

ವಿದ್ಯಾರ್ಥಿಯಾಗಿದ್ದಾಗಲೇ ತಮ್ಮ ಮಾರ್ಗದರ್ಶಕರ ಜೊತೆ ಸೇರಿ ಅವರು ಮಾಡಿದ ಸಾಧನ ಇಂದಿಗೂ ಆ ಕ್ಷೇತ್ರದಲ್ಲಿ ಹೆಸರುವಾಸಿ. ಮೇಜಿನ ಮೇಲೆ ಕೂರುವ, ಸಣ್ಣ ಮೋಟಾರುಗಳಿರುವ ಯಾಂತ್ರಿಕ ತೋಳು ಅದು. ಅದರ ತುದಿಯಲ್ಲಿ ಬೆರಳಿಗೆ ತೊಡುವ ಟೋಪಿ ಅಥವಾ ಹಿಡಿಯುವ ಕಡ್ಡಿ. ಕಂಪ್ಯೂಟರ್ ಪರದೆಯ ಮೇಲಿರುವ ಗೋಳವೊಂದರತ್ತ ಬೆರಳನ್ನು ಒಯ್ದರೆ, ಗೋಳದ ಮೈ ಮುಟ್ಟುವ ಜಾಗಕ್ಕೆ ಬಂದ ಕೂಡಲೇ ಮೋಟಾರುಗಳು ಬೆರಳನ್ನು ಹಿಂದಕ್ಕೆ ಒತ್ತುತ್ತವೆ. ಇಲ್ಲದ ವಸ್ತುವನ್ನು ಕೈ ಮುಟ್ಟಿದಂತೆ ಆಗುತ್ತದೆ. ಶಸ್ತ್ರಚಿಕಿತ್ಸೆಯ ತರಬೇತಿಯಿಂದ ಹಿಡಿದು ವಿನ್ಯಾಸದವರೆಗೆ ಇದಕ್ಕೆ ಬೇಡಿಕೆ ಬಂತು. ಮ್ಯಾಸಿ ದಂಪತಿ ಸೆನ್ಸ್‌ಏಬಲ್ ಎಂಬ ಕಂಪನಿ ಕಟ್ಟಿದರು. 1995ರಲ್ಲಿ ವಿದ್ಯಾರ್ಥಿ ಸಂಶೋಧಕರಿಗೆ ಕೊಡುವ ಲೆಮೆಲ್ಸನ್–ಎಂಐಟಿ ಬಹುಮಾನ ಮ್ಯಾಸಿಗೆ ಬಂತು. 2003ರಲ್ಲಿ ಕಂಪನಿಯನ್ನು ಮಾರಿ ಇಬ್ಬರೂ ಊರಿಗೆ ಮರಳಿದರು.

ಊರಿಗೆ ಬಂದ ಮ್ಯಾಸಿ ತಮ್ಮದೇ ಜಮೀನಿನ ಮರ ಕಡಿದು, ತೊಲೆಗಳನ್ನು ಕೆತ್ತಿ ಮನೆ ಕಟ್ಟಿಕೊಂಡರು. ಆ ಮನೆಗೆ ವಿದ್ಯುತ್ ಕಂಪನಿಯ ತಂತಿ ಇಲ್ಲ. ಸೌರ ಫಲಕಗಳಿವೆ, ಅಪಘಾತದಲ್ಲಿ ಜಖಂಗೊಂಡ ಟೆಸ್ಲಾ ಕಾರಿನಿಂದ ಬಿಚ್ಚಿ ತಂದ ಬ್ಯಾಟರಿ ಇದೆ. ಅವರು ಓಡಿಸುತ್ತಿದ್ದ ಟೆಸ್ಲಾ ಕಾರಿನ ನಂಬರ್ ಪ್ಲೇಟ್ ಕೆಂಟಕಿಯ ‘ಕಲ್ಲಿದ್ದಲಿನ ಗೆಳೆಯರು’ ಎಂಬ ವಿಶೇಷ ಸರಣಿಯದು. ಸೌರಶಕ್ತಿಯಲ್ಲಿ ಬದುಕುವ ಇದೇ ವ್ಯಕ್ತಿ ಹವಾಮಾನ ಬದಲಾವಣೆಯ ಕುರಿತ ಸರ್ಕಾರಿ ಕ್ರಮಗಳನ್ನು ಕಟುವಾಗಿ ವಿರೋಧಿಸುತ್ತಾರೆ. ಹೊರಗಿನವರಿಗೆ ಇದು ತಾಳೆಯಾಗದಂತೆ ತೋರುತ್ತದೆ. ಅವರ ದೃಷ್ಟಿಯಲ್ಲಿ ವೈರುಧ್ಯವಿಲ್ಲ: ತನ್ನ ಮನೆಗೆ ಯಾವ ಶಕ್ತಿ ಬೇಕು ಎಂದು ತಾನು ತೀರ್ಮಾನಿಸುತ್ತೇನೆ, ಸರ್ಕಾರ ತೀರ್ಮಾನಿಸಬಾರದು. 2019ರ ಒಂದು ಸಂಸದೀಯ ವಿಚಾರಣೆಯಲ್ಲಿ ಮಾಜಿ ವಿದೇಶಾಂಗ ಸಚಿವ ಜಾನ್ ಕೆರಿ ಅವರ ರಾಜ್ಯಶಾಸ್ತ್ರದ ಪದವಿಯನ್ನು ಹಿಡಿದು ಮ್ಯಾಸಿ ಕೆಣಕಿದ್ದು ದೇಶವೆಲ್ಲ ನೋಡಿದ ದೃಶ್ಯ. ಎಂಐಟಿಯಲ್ಲಿ ಓದಿದವರೊಬ್ಬರು ಹವಾಮಾನ ವಿಜ್ಞಾನದ ಪ್ರಶ್ನೆಯನ್ನು ಎದುರಾಳಿಯ ಪದವಿಯ ಪ್ರಶ್ನೆಯಾಗಿ ಮಾಡಿದ್ದು ನನಗೆ ಅವರ ಅತ್ಯಂತ ದುರ್ಬಲ ಗಳಿಗೆಯಾಗಿ ಕಾಣುತ್ತದೆ. ಆ ಶಿಕ್ಷಣಕ್ಕೆ ಅದು ಒಪ್ಪುವ ನಡೆಯಲ್ಲ.

2010ರ ಚುನಾವಣೆಗಳಲ್ಲಿ ಟೀ ಪಾರ್ಟಿ ಎಂಬ ತೆರಿಗೆ ವಿರೋಧಿ ಅಲೆ ಎದ್ದಾಗ ಮ್ಯಾಸಿ ಲೂಯಿಸ್ ಕೌಂಟಿಯ ‘ಜಡ್ಜ್ ಎಕ್ಸಿಕ್ಯುಟಿವ್’ ಆಗಿ ಆರಿಸಿ ಬಂದರು. ಹೆಸರಿನಲ್ಲಿ ನ್ಯಾಯಾಧೀಶರಿದ್ದರೂ ಅದು ಕೌಂಟಿಯ ಆಡಳಿತ ಮುಖ್ಯಸ್ಥನ ಹುದ್ದೆ. ಅದೇ ವರ್ಷ ಕೆಂಟಕಿಯಿಂದ ರ್‍ಯಾಂಡ್ ಪಾಲ್ ಸೆನೆಟ್‌ಗೆ ಹೋದರು. ಎರಡು ವರ್ಷಗಳ ನಂತರ ನಾಲ್ಕನೆಯ ಕ್ಷೇತ್ರದ ಸದಸ್ಯ ಜೆಫ್ ಡೇವಿಸ್ ನಿವೃತ್ತಿ ಘೋಷಿಸಿದಾಗ ಮ್ಯಾಸಿ ರ್‍ಯಾಂಡ್ ಪಾಲ್ ಬೆಂಬಲದೊಂದಿಗೆ ಕಣಕ್ಕಿಳಿದರು. ಕಣದಲ್ಲಿ ಏಳು ಮಂದಿ. ಟೆಕ್ಸಾಸ್‌ನ ಯುವಕನೊಬ್ಬ ತನ್ನ ಪಿತ್ರಾರ್ಜಿತ ಹಣದಿಂದ ಕಟ್ಟಿದ ಸೂಪರ್ ಪ್ಯಾಕ್ (ಅಭ್ಯರ್ಥಿಯಿಂದ ಹೊರಗೆ ನಿಂತು ಚುನಾವಣೆಗೆ ಖರ್ಚು ಮಾಡುವ ಸಂಸ್ಥೆ) ಮ್ಯಾಸಿ ಪರವಾಗಿ ಐದು ಲಕ್ಷ ಡಾಲರ್‌ಗೂ ಹೆಚ್ಚು ಸುರಿಯಿತು. ಹೊರಗಿನ ಹಣದ ವಿರುದ್ಧ ಇಂದು ಮ್ಯಾಸಿ ಆಡುವ ಮಾತುಗಳನ್ನು ತೂಗುವಾಗ ಈ ಹಳೆಯ ಲೆಕ್ಕವನ್ನೂ ತಕ್ಕಡಿಗೆ ಹಾಕಬೇಕು. 2012ರ ನವೆಂಬರ್‌ನಿಂದ ಅವರು ಕೆಳಮನೆಯಲ್ಲಿದ್ದಾರೆ.

ಅವರ ನೀತಿಗಳ ಬುಡದಲ್ಲಿರುವುದು ಒಂದೇ ನಂಬಿಕೆ: ಸಂವಿಧಾನ ಬರೆದು ಕೊಟ್ಟ ಅಧಿಕಾರವನ್ನು ಬಿಟ್ಟು ಫೆಡರಲ್ ಸರ್ಕಾರ ಒಂದು ಹೆಜ್ಜೆಯನ್ನೂ ಆಚೆ ಇಡಬಾರದು, ಬೊಕ್ಕಸದಲ್ಲಿ ಇಲ್ಲದ ಹಣವನ್ನು ಖರ್ಚು ಮಾಡಬಾರದು. ರ್‍ಯಾಂಡ್ ಪಾಲ್ ಅವರ ತಂದೆ ರಾನ್ ಪಾಲ್ ಬಿಟ್ಟುಹೋದ ದಾರಿ ಇದು. ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಲೆಕ್ಕ ತಪಾಸಣೆ ಮಾಡಬೇಕೆಂಬ ರಾನ್ ಪಾಲ್ ಅವರ ಹಳೆಯ ಮಸೂದೆಯನ್ನು ಮ್ಯಾಸಿ ಕೈಗೆತ್ತಿಕೊಂಡರು. 2024ರಲ್ಲಿ ಆ ಬ್ಯಾಂಕನ್ನೇ ರದ್ದು ಮಾಡುವ ಮಸೂದೆ ತಂದರು. ಫೆಡರಲ್ ಶಿಕ್ಷಣ ಇಲಾಖೆಯನ್ನು ಮುಚ್ಚಬೇಕೆಂದು 2017ರಲ್ಲಿ ಅವರು ಮಂಡಿಸಿದ ಮಸೂದೆಯ ಒಡಲಲ್ಲಿದ್ದದ್ದು ಒಂದೇ ವಾಕ್ಯ: ಶಿಕ್ಷಣ ಇಲಾಖೆ 2018ರ ಡಿಸೆಂಬರ್ 31ರಂದು ಕೊನೆಗೊಳ್ಳತಕ್ಕದ್ದು. ಅಮೆರಿಕದ ರಾಷ್ಟ್ರೀಯ ಸಾಲವನ್ನು ಕ್ಷಣಕ್ಷಣಕ್ಕೂ ತೋರಿಸುವ ಪುಟ್ಟ ವಿದ್ಯುನ್ಮಾನ ಬಿಲ್ಲೆಯೊಂದನ್ನು ತಾವೇ ತಯಾರಿಸಿ ಕೋಟಿಗೆ ಸಿಕ್ಕಿಸಿಕೊಂಡು ಸದನದಲ್ಲಿ ಓಡಾಡುತ್ತಾರೆ. ಎದುರಿಗೆ ನಿಂತು ಮಾತನಾಡುವವರು ಅವರ ಮುಖದ ಜೊತೆಗೆ ಏರುತ್ತಲೇ ಇರುವ ಆ ಅಂಕಿಗಳನ್ನೂ ನೋಡಬೇಕು. 2025ರ ಅಕ್ಟೋಬರ್‌ನಲ್ಲಿ ಆ ಸಾಲ 38 ಲಕ್ಷ ಕೋಟಿ ಡಾಲರ್ ದಾಟಿತು.

ಟ್ರಂಪ್ ಅವರ ಎರಡನೆಯ ಅವಧಿಯ ದೊಡ್ಡ ತೆರಿಗೆ ಮತ್ತು ವೆಚ್ಚದ ಮಸೂದೆಗೆ ಮ್ಯಾಸಿ ಎರಡು ಬಾರಿ ವಿರುದ್ಧ ಮತ ಹಾಕಿದ್ದು ಈ ಸಾಲದ ಕಾರಣಕ್ಕೇ. 2025ರ ಮೇನಲ್ಲಿ ಅದು ಕೆಳಮನೆಯನ್ನು 215–214ರಿಂದ, ಒಂದೇ ಮತದ ಅಂತರದಿಂದ ದಾಟಿತು. ಜುಲೈ 3ರಂದು ಸೆನೆಟ್ ತಿದ್ದಿದ ರೂಪ 218–214ರಿಂದ ಅಂಗೀಕಾರವಾದಾಗ ವಿರೋಧಿಸಿದ ರಿಪಬ್ಲಿಕನ್ನರು ಇಬ್ಬರೇ. ಇನ್ನೊಬ್ಬರಾದ ಪೆನ್ಸಿಲ್ವೇನಿಯಾದ ಬ್ರಯಾನ್ ಫಿಟ್ಜ್‌ಪ್ಯಾಟ್ರಿಕ್ ಅವರಿಗೆ ಬಡವರ ವೈದ್ಯಕೀಯ ನೆರವಿಗೆ ಕತ್ತರಿ ಬೀಳುವ ಚಿಂತೆ, ಮ್ಯಾಸಿಗೆ ಸಾಲದ ಚಿಂತೆ. ಹತ್ತು ವರ್ಷಗಳಲ್ಲಿ ಈ ಕಾನೂನು ಕೊರತೆಗೆ ಸುಮಾರು 3.4 ಲಕ್ಷ ಕೋಟಿ ಡಾಲರ್ ಸೇರಿಸುತ್ತದೆ ಎಂದು ಸಂಸತ್ತಿನದೇ ಪಕ್ಷಾತೀತ ಬಜೆಟ್ ಕಚೇರಿ ಆಮೇಲೆ ಅಂದಾಜು ಮಾಡಿತು. ಡೆಮಾಕ್ರಟರ ಕಾಲದಲ್ಲಿ ಸಾಲದ ಬಗ್ಗೆ ಗಂಟಲು ಹರಿದುಕೊಂಡ ಅನೇಕರು ಅಂದು ಸುಮ್ಮನೆ ಹಸಿರು ಗುಂಡಿ ಒತ್ತಿದರು. ಅವರ ನಡುವೆ ಮ್ಯಾಸಿ ಹಿಂದೆ ಹೇಳಿದ್ದನ್ನೇ ಹೇಳಿದರು.

ಹಾಗೆಂದು ಅವರನ್ನು ಮಧ್ಯಮ ಮಾರ್ಗಿ ಎಂದುಕೊಂಡರೆ ತಪ್ಪಾಗುತ್ತದೆ. ಗರ್ಭಪಾತವನ್ನು ವಿರೋಧಿಸುತ್ತಾರೆ. ಬಂದೂಕಿನ ಮೇಲಿನ ಬಹುತೇಕ ಎಲ್ಲ ಫೆಡರಲ್ ನಿರ್ಬಂಧಗಳನ್ನೂ ವಿರೋಧಿಸುತ್ತಾರೆ. ಶಾಲೆಗಳ ಸುತ್ತ ಬಂದೂಕು ನಿಷೇಧಿಸುವ ಫೆಡರಲ್ ಕಾನೂನನ್ನೂ ರದ್ದು ಮಾಡಬೇಕೆನ್ನುತ್ತಾರೆ. 2021ರ ಡಿಸೆಂಬರ್‌ನಲ್ಲಿ, ಮಿಷಿಗನ್‌ನ ಆಕ್ಸ್‌ಫರ್ಡ್‌ನ ಶಾಲೆಯಲ್ಲಿ ಗುಂಡೇಟಿಗೆ ವಿದ್ಯಾರ್ಥಿಗಳು ಸತ್ತ ಕೆಲವೇ ದಿನಗಳಲ್ಲಿ, ಇಡೀ ಕುಟುಂಬ ಬಂದೂಕು ಹಿಡಿದು ನಿಂತ ಕ್ರಿಸ್‌ಮಸ್ ಚಿತ್ರವನ್ನು ಹಂಚಿಕೊಂಡರು. ಮಕ್ಕಳನ್ನು ಕಳೆದುಕೊಂಡ ಮನೆಗಳಲ್ಲಿ ಇನ್ನೂ ಸೂತಕ ಕಳೆದಿರಲಿಲ್ಲ. ಅದನ್ನು ಹಕ್ಕಿನ ಹೆಸರಿನಲ್ಲಿ ಸಮರ್ಥಿಸುವುದು ನನ್ನಿಂದಾಗದು. 2022ರಲ್ಲಿ ಗುಂಪುಹತ್ಯೆಯನ್ನು ಫೆಡರಲ್ ಅಪರಾಧವಾಗಿಸಿದ, ಕೊಲೆಗೀಡಾದ ಕಪ್ಪು ಬಾಲಕ ಎಮೆಟ್ ಟಿಲ್ ಹೆಸರಿನ ಕಾನೂನಿನ ಪರ 422 ಮತಗಳು ಬಿದ್ದರೆ ವಿರುದ್ಧ ಬಿದ್ದದ್ದು ಮೂರು. ಅದರಲ್ಲಿ ಒಂದು ಮ್ಯಾಸಿಯದು. ಕೊಲೆ ಈಗಾಗಲೇ ರಾಜ್ಯಗಳ ಕಾನೂನಿನಲ್ಲಿ ಅಪರಾಧ, ಫೆಡರಲ್ ಸರ್ಕಾರಕ್ಕೆ ಇಲ್ಲಿ ಕೆಲಸವಿಲ್ಲ ಎಂಬುದು ಅವರ ತರ್ಕ. ರಾಜ್ಯಗಳ ನ್ಯಾಯಾಲಯಗಳೇ ದಶಕಗಳ ಕಾಲ ಕಪ್ಪು ಜನರ ಕೊಲೆಗಡುಕರನ್ನು ಬಿಟ್ಟು ಕಳುಹಿಸಿದ ಚರಿತ್ರೆ ಆ ತರ್ಕದೊಳಗೆ ಎಲ್ಲೂ ಹೊಕ್ಕಿಲ್ಲ. ನಿಯಮಕ್ಕೆ ಕಟ್ಟುಬಿದ್ದವರಿಗೆ ನಿಯಮ ಹುಟ್ಟಿದ ಸಂದರ್ಭ ಕಾಣದೆ ಹೋಗುವ ಅಪಾಯವಿದೆ, ಮ್ಯಾಸಿ ಇಲ್ಲಿ ಅದಕ್ಕೆ ಸಿಕ್ಕಿಬಿದ್ದರು.

ಅದೇ ನಿಷ್ಠುರತೆ ಬೇರೆ ಕಡೆ ಬೇರೆ ಫಲ ಕೊಟ್ಟಿದೆ. 2014ರಲ್ಲಿ ಸಿಲಿಕಾನ್ ವ್ಯಾಲಿಯ ಡೆಮಾಕ್ರಟ್ ಜೋ ಲೋಫ್‌ಗ್ರೆನ್ ಜೊತೆ ಸೇರಿ, ನ್ಯಾಯಾಲಯದ ವಾರಂಟ್ ಇಲ್ಲದೆ ಅಮೆರಿಕನ್ನರ ಸಂದೇಶಗಳನ್ನು ಜಾಲಾಡುವ ಬೇಹುಗಾರಿಕೆಗೆ ಹಣ ತಡೆಯುವ ತಿದ್ದುಪಡಿಯನ್ನು ಕೆಳಮನೆಯಲ್ಲಿ 293–123 ಮತಗಳಿಂದ ಗೆಲ್ಲಿಸಿದರು. ಸಣ್ಣ ರೈತರ ಪರವಾದ ಅವರ ಮಾಂಸ ಮಾರಾಟದ ಮಸೂದೆಗೆ ಮೇನ್ ರಾಜ್ಯದ ಡೆಮಾಕ್ರಟ್ ಚೆಲ್ಲಿ ಪಿಂಗ್ರೀ ಜೊತೆಗಾರರು. ಈ ಮಸೂದೆ ಏನೆಂದು ಸ್ವಲ್ಪ ನಿಂತು ನೋಡಬೇಕು. ಲೂಯಿಸ್ ಕೌಂಟಿಯಂಥ ಜಾಗದ ರೈತ ತನ್ನ ಹೋರಿಯನ್ನು ಹತ್ತಿರದ ಸಣ್ಣ ಕಸಾಯಿಖಾನೆಯಲ್ಲಿ ಕಡಿಸಿದರೆ ಆ ಮಾಂಸವನ್ನು ಮನೆಯವರು, ಮನೆಗೆ ಬಂದ ಅತಿಥಿಗಳು ತಿನ್ನಬಹುದು, ಪಕ್ಕದ ಮನೆಗೆ ಒಂದು ಕಿಲೋ ಮಾರುವಂತಿಲ್ಲ. ಮಾರಬೇಕಾದರೆ ಫೆಡರಲ್ ತಪಾಸಕರಿರುವ ಕಾರ್ಖಾನೆಗೇ ಸಾಗಿಸಬೇಕು. ಅಮೆರಿಕದ ದನದ ಮಾಂಸದ ಸಂಸ್ಕರಣೆಯ ಬಹುಪಾಲು ನಾಲ್ಕು ದೊಡ್ಡ ಕಂಪನಿಗಳ ಕೈಯಲ್ಲಿದೆ. 2020ರಲ್ಲಿ ಕೋವಿಡ್ ಬಂದು ಆ ಕಾರ್ಖಾನೆಗಳು ಬಾಗಿಲು ಮುಚ್ಚಿದಾಗ ಒಂದು ಕಡೆ ಅಂಗಡಿಗಳಲ್ಲಿ ಮಾಂಸವಿಲ್ಲ, ಇನ್ನೊಂದು ಕಡೆ ರೈತನ ದನಗಳನ್ನು ಕೊಳ್ಳುವವರಿಲ್ಲ. ರಾಜ್ಯದೊಳಗಿನ ಮಾರಾಟಕ್ಕೆ ರಾಜ್ಯವೇ ಅನುಮತಿ ಕೊಡಲಿ ಎನ್ನುವುದು ಮ್ಯಾಸಿ ಮಸೂದೆ. ಸ್ವತಃ ದನ ಸಾಕುವ ಅವರಿಗೆ ಈ ವಿಷಯ ಕೈಬೆರಳ ತುದಿಯಲ್ಲಿದೆ. ಅವರ ರಾಜಕಾರಣ ನೆಲದ ಮೇಲೆ ನಿಂತು ಮಾತನಾಡುವುದು ಇಂಥ ಕಡೆಗಳಲ್ಲಿ.

ಟ್ರಂಪ್ ಜೊತೆಗಿನ ಜಗಳ ಶುರುವಾದದ್ದು 2020ರ ಮಾರ್ಚ್ 27ರಂದು. ಕೋವಿಡ್ ಪರಿಹಾರದ 2.2 ಲಕ್ಷ ಕೋಟಿ ಡಾಲರ್‌ಗಳ ಮಸೂದೆಯನ್ನು ಧ್ವನಿಮತದಿಂದ ಮುಗಿಸಲು ಎರಡೂ ಪಕ್ಷಗಳ ನಾಯಕರು ಒಪ್ಪಿಕೊಂಡಿದ್ದರು. ಮ್ಯಾಸಿ ಕೆಂಟಕಿಯಿಂದ ಕಾರು ಓಡಿಸಿಕೊಂಡು ರಾಜಧಾನಿಗೆ ಬಂದು, ಸದನದಲ್ಲಿ ಕೋರಂ ಇಲ್ಲ, ಯಾರು ಯಾವ ಕಡೆ ಎಂದು ಹೆಸರು ಹೆಸರಾಗಿ ದಾಖಲಾಗಲಿ ಎಂದು ಎದ್ದು ನಿಂತರು. ಅಂದಿನ ಸ್ಥಿತಿಯಲ್ಲಿ ನೂರಾರು ಸದಸ್ಯರು, ಅವರಲ್ಲಿ ಎಷ್ಟೋ ವಯಸ್ಸಾದವರು, ಸೋಂಕಿನ ಭಯದ ನಡುವೆ ವಿಮಾನ ಹತ್ತಿ ಓಡಿ ಬರಬೇಕಾಯಿತು. ಅವರ ಸಿಟ್ಟಿಗೆ ಕಾರಣವಿತ್ತು. ಆದರೆ ಅಷ್ಟು ದೊಡ್ಡ ಮೊತ್ತವನ್ನು ಖರ್ಚು ಮಾಡುವಾಗ ಯಾರು ಹೌದೆಂದರು, ಯಾರು ಇಲ್ಲವೆಂದರು ಎಂಬುದು ಜನರಿಗೆ ಗೊತ್ತಾಗಬಾರದೇ ಎಂಬ ಪ್ರಶ್ನೆಗೂ ಅಷ್ಟೇ ತೂಕವಿತ್ತು. ದಾಖಲಿತ ಮತದಾನಕ್ಕೆ ಹಾಜರಿರುವವರಲ್ಲಿ ಐದನೇ ಒಂದು ಪಾಲು ಬೆಂಬಲಿಸಬೇಕೆಂದು ಅಮೆರಿಕದ ಸಂವಿಧಾನ ಹೇಳುತ್ತದೆ. ಅಷ್ಟು ಜನ ಏಳಲಿಲ್ಲ. ಕೋರಂ ಇದೆಯೆಂದು ಘೋಷಿಸಿ ಮಸೂದೆಯನ್ನು ಧ್ವನಿಮತದಲ್ಲೇ ಮುಗಿಸಿದರು. ಮ್ಯಾಸಿಯನ್ನು ಪಕ್ಷದಿಂದಲೇ ಹೊರಹಾಕಬೇಕೆಂದು ಟ್ರಂಪ್ ಬರೆದರು. ಮೂರು ತಿಂಗಳ ನಂತರ ನಡೆದ ಪ್ರಾಥಮಿಕ ಚುನಾವಣೆಯಲ್ಲಿ ಮ್ಯಾಸಿ ಶೇ. 81 ಮತ ಪಡೆದು ಗೆದ್ದರು. 2022ರಲ್ಲಿ ಅದೇ ಟ್ರಂಪ್ ಅವರನ್ನು ಸಂವಿಧಾನದ ರಕ್ಷಕ ಎಂದು ಹೊಗಳಿ ಬೆಂಬಲಿಸಿದರು. 2024ರ ಅಧ್ಯಕ್ಷೀಯ ಪೈಪೋಟಿಯಲ್ಲಿ ಮ್ಯಾಸಿ ಫ್ಲಾರಿಡಾದ ರಾನ್ ಡಿಸ್ಯಾಂಟಿಸ್ ಪರ ನಿಂತಾಗ ಸಂಬಂಧ ಮತ್ತೆ ಹಳಸಿತು.

ಟ್ರಂಪ್ ಮೇಲಿನ ಎರಡೂ ಮಹಾಭಿಯೋಗಗಳನ್ನು ಮ್ಯಾಸಿ ವಿರೋಧಿಸಿದವರು ಎಂಬುದನ್ನು ಮರೆಯಬಾರದು. ಅದೇ ಹೊತ್ತಿಗೆ 2019ರಲ್ಲಿ ಗಡಿಗೋಡೆಗಾಗಿ ಸಂಸತ್ತನ್ನು ಬದಿಗೊತ್ತಿ ಟ್ರಂಪ್ ಘೋಷಿಸಿದ ತುರ್ತುಸ್ಥಿತಿಯ ವಿರುದ್ಧ ಮತ ಹಾಕಿದ 13 ರಿಪಬ್ಲಿಕನ್ನರಲ್ಲಿ ಅವರೂ ಒಬ್ಬರು. 2020ರ ಚುನಾವಣಾ ಫಲಿತಾಂಶವನ್ನು ಸಂಸತ್ತು ತಳ್ಳಿಹಾಕುವಂತಿಲ್ಲ, ಆ ಅಧಿಕಾರ ರಾಜ್ಯಗಳದು ಎಂದು ಬಹಿರಂಗವಾಗಿ ಹೇಳಿದ ಕೆಲವೇ ಸಂಪ್ರದಾಯವಾದಿಗಳಲ್ಲೂ ಇದ್ದರು. ಈ ಮತಗಳನ್ನು ಸಾಲಾಗಿ ಇಟ್ಟು ನೋಡಿದರೆ ಟ್ರಂಪ್ ಪರ, ಟ್ರಂಪ್ ವಿರುದ್ಧ ಎಂಬ ಲೆಕ್ಕ ಕೂಡುವುದಿಲ್ಲ. ಅಧಿಕಾರ ಯಾರಿಗೆ ಸೇರಿದ್ದು ಎಂಬ ಒಂದೇ ಪ್ರಶ್ನೆಗೆ ಪ್ರತಿ ಸಲವೂ ಒಂದೇ ಉತ್ತರ ಸಿಗುತ್ತದೆ.

ವಿದೇಶಾಂಗ ನೀತಿಯಲ್ಲೂ ಅಷ್ಟೇ. ಯಾವ ದೇಶಕ್ಕೂ ನೆರವು ಬೇಡ ಎನ್ನುವ ಅವರು ಉಕ್ರೇನ್‌ಗೂ ಇಸ್ರೇಲ್‌ಗೂ ಹಣ ಕೊಡುವುದನ್ನು ವಿರೋಧಿಸಿದ್ದಾರೆ. 2023ರ ನವೆಂಬರ್‌ನಲ್ಲಿ ಇಸ್ರೇಲ್‌ನ ಅಸ್ತಿತ್ವದ ಹಕ್ಕನ್ನು ಮತ್ತೆ ಎತ್ತಿಹಿಡಿದ ನಿರ್ಣಯ 412–1ರಿಂದ ಅಂಗೀಕಾರವಾಯಿತು, ಆ ಒಂದು ಮತವೂ ಮ್ಯಾಸಿಯದೇ. ಇಸ್ರೇಲ್ ಪರ ಲಾಬಿ ಅಮೆರಿಕದ ಸಂಸದರ ಮೇಲೆ ಹಿಡಿತ ಇಟ್ಟುಕೊಂಡಿದೆ ಎಂದು ಅವರು ಸಂದರ್ಶನಗಳಲ್ಲಿ ಬಿಚ್ಚಿ ಹೇಳಿದ್ದು ಅವರ ವಿರುದ್ಧ ಹಣ ಹರಿಯಲು ಒಂದು ದೊಡ್ಡ ಕಾರಣ. 2025ರ ಜೂನ್‌ನಲ್ಲಿ ಇರಾನ್‌ನ ಅಣು ನೆಲೆಗಳ ಮೇಲೆ ಅಮೆರಿಕ ಬಾಂಬ್ ಹಾಕಿದಾಗ, ಯುದ್ಧ ಘೋಷಿಸುವ ಅಧಿಕಾರ ಸಂಸತ್ತಿನದು ಎಂಬ ನಿರ್ಣಯವನ್ನು ಮ್ಯಾಸಿ ಕ್ಯಾಲಿಫೋರ್ನಿಯಾದ ಡೆಮಾಕ್ರಟ್ ರೋ ಖನ್ನಾ ಜೊತೆ ಸೇರಿ ಅದಾಗಲೇ ಮಂಡಿಸಿದ್ದರು.

ಫ್ರೀಮಾಂಟ್, ಸನ್ನಿವೇಲ್, ಸಾಂಟಾ ಕ್ಲಾರಾ, ಕ್ಯುಪರ್ಟಿನೊಗಳನ್ನು ಒಳಗೊಂಡ ಖನ್ನಾ ಅವರ ಕ್ಷೇತ್ರ ನಮ್ಮವರಿಗೆ ಅಪರಿಚಿತವಲ್ಲ. ಬೆಂಗಳೂರು, ಮೈಸೂರುಗಳಿಂದ ಹೋಗಿ ನೆಲೆಸಿದ ಎಷ್ಟೋ ಕನ್ನಡ ಕುಟುಂಬಗಳ ಸಂಸದ ಅವರು. ಪ್ರಗತಿಪರ ಎಂದು ಹೆಸರಾದ ಖನ್ನಾ ಮತ್ತು ಕಡು ಸಂಪ್ರದಾಯವಾದಿ ಮ್ಯಾಸಿ ಒಟ್ಟಿಗೆ ಮಾಡಿದ ಬಹುದೊಡ್ಡ ಕೆಲಸ ಎಪ್‌ಸ್ಟೀನ್ ಕಡತಗಳ ಕಾನೂನು. ಬಾಲಕಿಯರ ಮೇಲಿನ ಲೈಂಗಿಕ ಅಪರಾಧಗಳ ಆರೋಪಿ ಜೆಫ್ರಿ ಎಪ್‌ಸ್ಟೀನ್ ಕುರಿತು ನ್ಯಾಯ ಇಲಾಖೆಯ ಬಳಿಯಿರುವ ದಾಖಲೆಗಳನ್ನು ಬಹಿರಂಗಪಡಿಸಬೇಕೆಂಬ ಮಸೂದೆಯನ್ನು ಮತಕ್ಕೆ ಹಾಕಲು ಸ್ಪೀಕರ್ ಮೈಕ್ ಜಾನ್ಸನ್ ಸಿದ್ಧರಿರಲಿಲ್ಲ. ಸ್ಪೀಕರ್ ತಡೆದ ಮಸೂದೆಯನ್ನು 218 ಸದಸ್ಯರ ಸಹಿಯಿದ್ದರೆ ಸದನದ ಮುಂದೆ ಎಳೆದು ತರಬಹುದು. ಇದನ್ನು ಅಲ್ಲಿ ಡಿಸ್ಚಾರ್ಜ್ ಪಿಟಿಷನ್ ಎನ್ನುತ್ತಾರೆ. ಇಂಥ ಅರ್ಜಿಗಳು ಗುರಿ ಮುಟ್ಟುವುದು ಅಪರೂಪ. ಸ್ವಪಕ್ಷದ ನಾಯಕತ್ವವನ್ನು ಧಿಕ್ಕರಿಸಿ ಅಧ್ಯಕ್ಷರ ಕೋಪಕ್ಕೆ ತಲೆಕೊಡಲು ಸದಸ್ಯರು ಸುಲಭಕ್ಕೆ ಮುಂದಾಗುವುದಿಲ್ಲ.

ಮ್ಯಾಸಿ ಜೊತೆ ಸಹಿ ಹಾಕಿದ ರಿಪಬ್ಲಿಕನ್ನರು ಮೂವರೇ, ಮೂವರೂ ಮಹಿಳೆಯರು: ಮಾರ್ಜರಿ ಟೇಲರ್ ಗ್ರೀನ್, ಲಾರೆನ್ ಬೋಬರ್ಟ್ ಮತ್ತು ನ್ಯಾನ್ಸಿ ಮೇಸ್. ಹೆಸರು ಹಿಂದೆಗೆದುಕೊಳ್ಳಲು ಶ್ವೇತಭವನದ ಒತ್ತಡ ಬಂದರೂ ಯಾರೂ ಹಿಂದೆ ಸರಿಯಲಿಲ್ಲ. ದೌರ್ಜನ್ಯಕ್ಕೆ ಒಳಗಾದ ಮಹಿಳೆಯರು ಸೆಪ್ಟೆಂಬರ್‌ನಲ್ಲಿ ಸಂಸತ್ ಭವನದ ಎದುರು ಮ್ಯಾಸಿ, ಖನ್ನಾ ಪಕ್ಕದಲ್ಲಿ ನಿಂತು ಮಾತನಾಡಿದರು. ಅದೇ ತಿಂಗಳು ಅರಿಜೋನಾದ ಉಪಚುನಾವಣೆಯಲ್ಲಿ ಗೆದ್ದ ಅಡೆಲಿಟಾ ಗ್ರಿಹಾಲ್ವಾ ಅವರ ಪ್ರಮಾಣವಚನ ಏಳು ವಾರ ತಡವಾಯಿತು. ನವೆಂಬರ್ 12ರಂದು ಪ್ರಮಾಣ ಸ್ವೀಕರಿಸಿದ ಅವರು ಅಂದೇ ಹಾಕಿದ ಸಹಿ 218ನೆಯದು. ಸೋಲು ಖಚಿತವಾದಾಗ ಟ್ರಂಪ್ ನಿಲುವು ಬದಲಿಸಿ ಪರವಾಗಿ ಮತ ಹಾಕಿ ಎಂದರು. ನವೆಂಬರ್ 18ರಂದು ಮಸೂದೆ 427–1ರಿಂದ ಅಂಗೀಕಾರವಾಯಿತು, ಸೆನೆಟ್ ಸರ್ವಾನುಮತದಿಂದ ಒಪ್ಪಿತು, ಮರುದಿನ ಟ್ರಂಪ್ ಸಹಿ ಹಾಕಿದರು. ತಿಂಗಳುಗಟ್ಟಲೆ ನಾಲ್ಕೇ ಜನ ಹಿಡಿದುಕೊಂಡಿದ್ದ ವಿಷಯಕ್ಕೆ ಕೊನೆಯ ದಿನ ಬಹುತೇಕ ಇಡೀ ಪಕ್ಷ ಹೌದೆಂದಿತು. ಬೆಲೆ ತೆತ್ತವರು ಮಾತ್ರ ಮೊದಲೇ ನಿಂತವರು. ಟ್ರಂಪ್ ಬೆಂಬಲ ಕಳೆದುಕೊಂಡ ಗ್ರೀನ್ 2026ರ ಜನವರಿಯಲ್ಲಿ ಸಂಸತ್ತಿಗೇ ರಾಜೀನಾಮೆ ಕೊಟ್ಟು ಹೋದರು.

ಇಲ್ಲಿ ಟಿಕೆಟ್ಟಿನ ಪ್ರಶ್ನೆ ಬರುತ್ತದೆ. ನಮ್ಮಲ್ಲಿ ಟಿಕೆಟ್ ಯಾರಿಗೆ ಎಂಬುದನ್ನು ಹೈಕಮಾಂಡ್ ತೀರ್ಮಾನಿಸುತ್ತದೆ. ಬಿ ಫಾರಂ ಕೈಗೆ ಬರುವವರೆಗೆ ಆಕಾಂಕ್ಷಿಗೆ ನಿದ್ದೆಯಿಲ್ಲ. ಗೆದ್ದ ಮೇಲೂ 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ ವಿಪ್ ಮೀರಿ ಮತ ಹಾಕಿದ ಸದಸ್ಯ, ಪಕ್ಷ ಕ್ಷಮಿಸದಿದ್ದರೆ, ಸ್ಥಾನ ಕಳೆದುಕೊಳ್ಳುತ್ತಾನೆ. 2019ರಲ್ಲಿ ಕರ್ನಾಟಕದ 17 ಶಾಸಕರು ಅನರ್ಹರಾಗಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದನ್ನು ಕಂಡ ನಮಗೆ ಪಕ್ಷಾಂತರ ನಿಷೇಧದ ಅಗತ್ಯ ಗೊತ್ತು. ಅದರ ಜೊತೆಗೇ, ಬಜೆಟ್ಟಿನ ಮೇಲೆ ತನ್ನ ಆತ್ಮಸಾಕ್ಷಿಯಂತೆ ಮತ ಹಾಕುವ ಸಂಸದ ನಮ್ಮಲ್ಲಿ ಏಕೆ ಕಾಣುವುದಿಲ್ಲ ಎಂಬುದರ ಉತ್ತರವೂ ಅಲ್ಲೇ ಇದೆ. ಅಮೆರಿಕದಲ್ಲಿ ಬಿ ಫಾರಂ ಕೊಡುವ ಅಧಿಕಾರ ಪಕ್ಷದ ಮುಖ್ಯಸ್ಥರಿಗಿಲ್ಲ, ದೇಶದ ಅಧ್ಯಕ್ಷರಿಗೂ ಇಲ್ಲ. ಅದು ಕ್ಷೇತ್ರದ ಸಾಮಾನ್ಯ ಮತದಾರರ ಕೈಯಲ್ಲಿದೆ, ಕೆಂಟಕಿಯಲ್ಲಾದರೆ ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಂಡವರ ಕೈಯಲ್ಲಿ. ಆದ್ದರಿಂದ ಮ್ಯಾಸಿಯನ್ನು ತೆಗೆಯಬೇಕಾದರೆ ಟ್ರಂಪ್ ಆ ಮತದಾರರ ಮನೆಬಾಗಿಲಿಗೇ ಬರಬೇಕು.

ಹಾಗಂತ ಅಲ್ಲಿ ಒತ್ತಡವೇ ಇಲ್ಲ ಎಂದಲ್ಲ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದು ಈಗ ಡೆಟ್ರಾಯಿಟ್ ಪ್ರದೇಶದ ಡೆಮಾಕ್ರಟ್ ಸಂಸದರಾಗಿರುವ ಶ್ರೀ ಥಾಣೇದಾರ್, 2025ರಲ್ಲಿ ನಾಯಕತ್ವದ ಒಪ್ಪಿಗೆ ಇಲ್ಲದೆ ಟ್ರಂಪ್ ವಿರುದ್ಧ ಮಹಾಭಿಯೋಗದ ಆರೋಪಪಟ್ಟಿ ಮಂಡಿಸಿ, ಮೇ ತಿಂಗಳಲ್ಲಿ ಮತಕ್ಕೆ ಹಾಕುವ ಹಂತದಲ್ಲಿ ಸ್ವಪಕ್ಷದವರ ಒತ್ತಾಯಕ್ಕೆ ಮಣಿದು ಹಿಂದೆ ಸರಿದರು. ಕಾನೂನಿನ ವಿಪ್ ಇಲ್ಲದ ಕಡೆ ಬೇರೆ ಬಗೆಯ ಕಡಿವಾಣಗಳಿವೆ: ಸಮಿತಿಯ ಸ್ಥಾನ, ದೇಣಿಗೆಯ ಹರಿವು, ಮುಂದಿನ ಪ್ರಾಥಮಿಕ ಚುನಾವಣೆಯ ಭಯ.

ಮ್ಯಾಸಿ ಮೇಲೆ ಈಗ ಬೀಸುತ್ತಿರುವುದು ಕೊನೆಯ ಎರಡು. 2025ರ ಜೂನ್‌ನಲ್ಲಿ ಟ್ರಂಪ್ ಅವರ ಚುನಾವಣಾ ತಂತ್ರಗಾರರಾದ ಕ್ರಿಸ್ ಲಸಿವಿಟಾ ಮತ್ತು ಟೋನಿ ಫಾಬ್ರಿಜಿಯೊ, ಮ್ಯಾಸಿಯನ್ನು ಸೋಲಿಸಲೆಂದೇ ಒಂದು ಸೂಪರ್ ಪ್ಯಾಕ್ ಕಟ್ಟಿದರು. 2010ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹುಟ್ಟಿದ ಈ ಸಂಸ್ಥೆಗಳು ಅಭ್ಯರ್ಥಿಯ ಜೊತೆ ಸಮಾಲೋಚಿಸದೆ ಎಷ್ಟು ಬೇಕಾದರೂ ಖರ್ಚು ಮಾಡಬಹುದು. ಹೆಡ್ಜ್ ಫಂಡ್‌ಗಳ ಕೋಟ್ಯಧೀಶರಾದ ಪಾಲ್ ಸಿಂಗರ್, ಜಾನ್ ಪಾಲ್ಸನ್ ಇದಕ್ಕೆ ಹಣ ಕೊಟ್ಟವರಲ್ಲಿ ಸೇರಿದ್ದಾರೆ. ಎದುರಾಳಿ ಯಾರು ಎಂದು ಗೊತ್ತಾಗುವ ಮೊದಲೇ ಕೆಂಟಕಿಯ ಟಿವಿಗಳಲ್ಲಿ ಮ್ಯಾಸಿ ವಿರುದ್ಧ ಜಾಹೀರಾತುಗಳು ಬಂದವು. ಅಭ್ಯರ್ಥಿ ಸಿಕ್ಕಿದ್ದು ಅಕ್ಟೋಬರ್‌ನಲ್ಲಿ: ಶೆಲ್ಬಿ ಕೌಂಟಿಯ ರೈತ ಕುಟುಂಬದ, ನೌಕಾಪಡೆಯ ಸೀಲ್ ದಳದ ನಿವೃತ್ತ ಅಧಿಕಾರಿ ಎಡ್ ಗಾಲ್‌ರೈನ್. 2024ರಲ್ಲಿ ರಾಜ್ಯ ಸೆನೆಟ್‌ಗೆ ನಡೆದ ಪ್ರಾಥಮಿಕ ಚುನಾವಣೆಯಲ್ಲಿ ಅವರು ಸೋತಿದ್ದರು. ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ಟ್ರಂಪ್‌ಗೆ ಸುಮಾರು ಮೂರನೇ ಎರಡರಷ್ಟು ಮತ ಕೊಟ್ಟ ಕ್ಷೇತ್ರವಿದು, ಅಧ್ಯಕ್ಷರ ಕಾರ್ಯಸೂಚಿಗೆ ಕೈಜೋಡಿಸುವ ಸಂಸದ ಬೇಕೆಂದು ಆ ಮತದಾರರು ಬಯಸಿದರೆ ತಪ್ಪೇನು? ತಾನು ಹತ್ತರಲ್ಲಿ ಒಂಬತ್ತು ಸಲ ಪಕ್ಷದ ಜೊತೆಗೇ ಮತ ಹಾಕುತ್ತೇನೆ, ಉಳಿದ ಒಂದು ಸಲ ಪಕ್ಷವೇ ಸಾಲ, ಯುದ್ಧ, ಮುಚ್ಚುಮರೆಗಳ ಕಡೆ ಹೋಗಿರುತ್ತದೆ ಎಂಬುದು ಮ್ಯಾಸಿಯ ಮರುಮಾತು.

ಹಿಂದಿನ ನಿದರ್ಶನಗಳು ಎರಡೂ ಕಡೆಗಿವೆ. 2022ರಲ್ಲಿ ವಯೋಮಿಂಗ್‌ನಲ್ಲಿ ಟ್ರಂಪ್ ಅವರನ್ನು ಎದುರು ಹಾಕಿಕೊಂಡ ಲಿಜ್ ಚೇನಿ ಹೀನಾಯವಾಗಿ ಸೋತರು. 2024ರಲ್ಲಿ ವರ್ಜೀನಿಯಾದ ಬಾಬ್ ಗುಡ್, ಅವರೂ ಡಿಸ್ಯಾಂಟಿಸ್ ಪರ ನಿಂತವರು, ನಾನೂರಕ್ಕೂ ಕಡಿಮೆ ಮತಗಳಿಂದ ಸ್ಥಾನ ಕಳೆದುಕೊಂಡರು. ಮ್ಯಾಸಿಯ ಗೆಳೆಯ ಜಸ್ಟಿನ್ ಅಮಾಷ್ 2019ರಲ್ಲಿ ಪಕ್ಷವನ್ನೇ ಬಿಟ್ಟು ಮುಂದಿನ ಚುನಾವಣೆಗೆ ನಿಲ್ಲಲೇ ಇಲ್ಲ. ಜಾರ್ಜಿಯಾದ ಗವರ್ನರ್ ಬ್ರಯಾನ್ ಕೆಂಪ್ ಮಾತ್ರ ಟ್ರಂಪ್ ಬೆಂಬಲಿತ ಎದುರಾಳಿಯನ್ನು ಭಾರಿ ಅಂತರದಿಂದ ಸೋಲಿಸಿದರು. ಕೆಂಪ್ ಗೆದ್ದದ್ದು ಮತದಾರರಿಗೆ ಅವರ ಆಡಳಿತ ಗೊತ್ತಿದ್ದದ್ದರಿಂದ. ಹದಿಮೂರು ವರ್ಷಗಳಲ್ಲಿ ಮ್ಯಾಸಿ ಕ್ಷೇತ್ರದಲ್ಲಿ ಅಂಥ ಪರಿಚಯ ಬೆಳೆಸಿಕೊಂಡಿದ್ದಾರೆಯೇ ಎಂಬುದೇ ಮುಖ್ಯ.

ಕ್ಷೇತ್ರ ಒಂದೇ ಬಣ್ಣದ್ದಲ್ಲ. ಲೂಯಿವಿಲ್ ನಗರದ ಹೊರವಲಯದಿಂದ ಒಹಾಯೊ ನದಿಯ ಗುಂಟ ಪೂರ್ವದ ಗುಡ್ಡಗಳವರೆಗೆ ಅದು ಚಾಚಿಕೊಂಡಿದೆ. ಮತಗಳ ರಾಶಿ ಇರುವುದು ಮಧ್ಯದಲ್ಲಿ, ಸಿನ್ಸಿನಾಟಿ ನಗರಕ್ಕೆ ಎದುರಿನ ದಂಡೆಯಲ್ಲಿರುವ ಬೂನ್, ಕೆಂಟನ್, ಕ್ಯಾಂಬೆಲ್ ಕೌಂಟಿಗಳಲ್ಲಿ. ಅಲ್ಲಿ ವಿಮಾನ ನಿಲ್ದಾಣವಿದೆ, ಅಮೆಜಾನ್‌ನ ದೊಡ್ಡ ಸರಕು ವಿಮಾನ ಕೇಂದ್ರವಿದೆ, ಬೈಬಲ್ಲಿನ ಸೃಷ್ಟಿಕಥೆಯನ್ನು ಅಕ್ಷರಶಃ ಸತ್ಯವೆಂದು ತೋರಿಸುವ ವಸ್ತುಸಂಗ್ರಹಾಲಯವೂ ಇದೆ. ಸಾಲದ ಅಂಕಿ ಕಂಡು ಬೆಚ್ಚುವವರು, ಬಂದೂಕಿನ ಹಕ್ಕಿಗಾಗಿ ಮತ ಹಾಕುವವರು, ಚರ್ಚಿನ ಮಾತಿಗೆ ತಲೆಬಾಗುವವರು, ಟ್ರಂಪ್ ಹೇಳಿದ್ದೇ ಸರಿ ಎನ್ನುವವರು ಎಲ್ಲರೂ ಒಂದೇ ಪಕ್ಷದ ಸಾಲಿನಲ್ಲಿ ನಿಂತಿದ್ದಾರೆ.

ಇವರಲ್ಲಿ ಎಷ್ಟು ಜನ ಮ್ಯಾಸಿಯ ವಿಚಾರಗಳಿಗಾಗಿ ಅವರನ್ನು ಆರಿಸಿದರು? ಈ ಅನುಮಾನ ಮೊದಲು ಬಂದದ್ದು ಮ್ಯಾಸಿಗೇ. 2017ರಲ್ಲಿ ಅವರು ಪತ್ರಿಕೆಯೊಂದಕ್ಕೆ ಹೇಳಿದ್ದರು: ರಾನ್ ಪಾಲ್, ರ್‍ಯಾಂಡ್ ಪಾಲ್ ಮತ್ತು ತನಗೆ ಮತ ಕೊಟ್ಟವರು ಸ್ವಾತಂತ್ರ್ಯವಾದಿ ವಿಚಾರಗಳಿಗೆ ಮತ ಕೊಡುತ್ತಿದ್ದಾರೆಂದು ಭಾವಿಸಿದ್ದೆ, ಅದೇ ಜನ ಟ್ರಂಪ್ ಕಡೆ ಹೋದಾಗ ಗೊತ್ತಾಯಿತು, ಅವರು ಆರಿಸುತ್ತಿದ್ದದ್ದು ಕಣದಲ್ಲಿರುವವರ ಪೈಕಿ ಅತ್ಯಂತ ಹುಚ್ಚನನ್ನು ಎಂದು. ತನ್ನದೇ ಬೆಂಬಲಿಗರ ಬಗ್ಗೆ ರಾಜಕಾರಣಿಯೊಬ್ಬ ಇಷ್ಟು ನೇರವಾಗಿ ಆಡಿದ ಮಾತು ವಿರಳ. ವ್ಯವಸ್ಥೆಗೆ ಎದುರು ನಿಲ್ಲುವವನು ಬೇಕು ಎನ್ನುವ ಸಿಟ್ಟೇ ಅವರ ಮತಬುಟ್ಟಿಯ ತಳವಾಗಿದ್ದರೆ, ಈಗ ವ್ಯವಸ್ಥೆ ಯಾವುದು ಎಂಬುದರ ಮೇಲೆ ಎಲ್ಲವೂ ನಿಂತಿದೆ. ವಾಷಿಂಗ್ಟನ್ನನ್ನು ಆಳುತ್ತಿರುವ ಟ್ರಂಪ್ ಇನ್ನೂ ವ್ಯವಸ್ಥೆಯ ಹೊರಗಿನವರೆಂದು ಕಂಡರೆ ಮ್ಯಾಸಿ ಸೋಲುತ್ತಾರೆ. ಎಪ್‌ಸ್ಟೀನ್ ಕಡತಗಳನ್ನು ತಡೆಯಲು ನೋಡಿದ ಅಧಿಕಾರವೇ ವ್ಯವಸ್ಥೆಯೆಂದು ಕಂಡರೆ ಗೆಲ್ಲುತ್ತಾರೆ. ಅಧ್ಯಕ್ಷರ ದಾಳಿ ಶುರುವಾದ ಮೇಲೆ ದೇಶದ ಮೂಲೆಮೂಲೆಯ ಸಣ್ಣ ದಾನಿಗಳಿಂದ ಮ್ಯಾಸಿಗೆ ಹಣ ಹರಿದು ಬಂದದ್ದು ಎರಡನೆಯ ದೃಷ್ಟಿಗೂ ಜನರಿದ್ದಾರೆ ಎಂಬುದಕ್ಕೆ ಸಾಕ್ಷಿ. ಅವರಲ್ಲಿ ಹೆಚ್ಚಿನವರಿಗೆ ಕೆಂಟಕಿಯಲ್ಲಿ ಮತವಿಲ್ಲ ಎಂಬುದೂ ಅಷ್ಟೇ ನಿಜ.

ಕೆಂಟಕಿಯ ನಿಯಮ ಈ ಲೆಕ್ಕಾಚಾರವನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಎಲ್ಲ ಪಕ್ಷಗಳ ಅಭ್ಯರ್ಥಿಗಳೂ ಒಂದೇ ಮತಪತ್ರದಲ್ಲಿರುತ್ತಾರೆ, ಯಾರು ಯಾರಿಗಾದರೂ ಮತ ಹಾಕಬಹುದು, ಮೊದಲ ಇಬ್ಬರು ಮುಂದಿನ ಸುತ್ತಿಗೆ ಹೋಗುತ್ತಾರೆ. ಸನ್ನಿವೇಲ್‌ನ ಕನ್ನಡಿಗರಿಗೆ ಅಭ್ಯಾಸವಾಗಿರುವುದು ಆ ಪದ್ಧತಿ. ಕೆಂಟಕಿಯಲ್ಲಿ ರಿಪಬ್ಲಿಕನ್ ಪ್ರಾಥಮಿಕ ಚುನಾವಣೆ ರಿಪಬ್ಲಿಕನ್ ಎಂದು ನೋಂದಾಯಿಸಿಕೊಂಡವರಿಗೆ ಮಾತ್ರ. ಪಕ್ಷ ಬದಲಿಸಲು ಹಿಂದಿನ ವರ್ಷದ ಡಿಸೆಂಬರ್ 31 ಕೊನೆಯ ದಿನ. ಎಪ್‌ಸ್ಟೀನ್ ಕಾನೂನಿಗಾಗಿ ಅಥವಾ ಯುದ್ಧದ ವಿರುದ್ಧದ ನಿಲುವಿಗಾಗಿ ಮ್ಯಾಸಿಯನ್ನು ಮೆಚ್ಚಿದ ಡೆಮಾಕ್ರಟರು, ಯಾವ ಪಕ್ಷಕ್ಕೂ ಸೇರದವರು ಅಂದು ಮನೆಯಲ್ಲಿ ಕೂರಬೇಕು. ಎರಡನೆಯ ಸುತ್ತೂ ಇಲ್ಲ, ಹೆಚ್ಚು ಮತ ಬಂದವರೇ ಅಭ್ಯರ್ಥಿ. ಪ್ರಾಥಮಿಕ ಚುನಾವಣೆಯಲ್ಲಿ ಸೋತವರು ನವೆಂಬರ್‌ನಲ್ಲಿ ಸ್ವತಂತ್ರರಾಗಿ ನಿಲ್ಲಲು ಆ ರಾಜ್ಯದ ಕಾನೂನು ಬಿಡುವುದಿಲ್ಲ. ನವೆಂಬರ್‌ನಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಸೋಲುವ ಕ್ಷೇತ್ರವೂ ಇದಲ್ಲ. ಆದ್ದರಿಂದ ನಿಜವಾದ ತೀರ್ಪು ಮೇನಲ್ಲೇ, ಕ್ಷೇತ್ರದ ಜನರಲ್ಲಿ ಒಂದು ಸಣ್ಣ ಪಾಲಿನಿಂದ. ಟಿಕೆಟ್ಟನ್ನು ಹೈಕಮಾಂಡ್ ಕೈಯಿಂದ ಬಿಡಿಸಿ ಜನರಿಗೆ ಕೊಟ್ಟ ವ್ಯವಸ್ಥೆಯಲ್ಲೂ ಇದು ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ.

ಫಲಿತಾಂಶ ಏನೇ ಬಂದರೂ ಈ ಸಂಸತ್ತಿನ ಅವಧಿ ಮುಗಿಯುವುದು 2027ರ ಜನವರಿ 3ಕ್ಕೆ. ಕೆಳಮನೆಯಲ್ಲಿ ರಿಪಬ್ಲಿಕನ್ನರ ಬಹುಮತ ಬೆರಳೆಣಿಕೆಯಷ್ಟು. ಮೇ 19ರಂದು ಸೋತರೂ ಅಲ್ಲಿಯವರೆಗೆ ಮ್ಯಾಸಿ ಸದನದಲ್ಲಿ ಇರುತ್ತಾರೆ, ಪ್ರತಿ ಬಜೆಟ್ಟಿನ ಮೇಲೂ ಪ್ರತಿ ಯುದ್ಧದ ನಿರ್ಣಯದ ಮೇಲೂ ಅವರಿಗೆ ಮತ ಇರುತ್ತದೆ, ಆ ಮತವನ್ನು ತಡೆಹಿಡಿಯಲು ಅಧ್ಯಕ್ಷರ ಕೈಯಲ್ಲಿ ಆಮೇಲೆ ಯಾವ ಬೆದರಿಕೆಯೂ ಉಳಿದಿರುವುದಿಲ್ಲ.